ಜಾಮೀನು ನಿಲ್ಲುವ ಮುನ್ನ

ಹಣ ಕೇಳುವುದಕ್ಕೆ ಸಂಕೋಚಪಡುವ ಜನ ಸಹಿ ಕೇಳುವುದಕ್ಕೆ ಅಷ್ಟು ಸಂಕೋಚಪಡುವುದಿಲ್ಲ, ಕೊಡುವವರೂ ಅಷ್ಟೆ. ಐವತ್ತು ಸಾವಿರ ರೂಪಾಯಿ ಕೈಗಡ ಬೇಕೆಂದು ತಂಗಿಯ ಗಂಡ ಬಂದು ಕುಳಿತರೆ, ಮನೆಯ ಯಜಮಾನರು ಒಳಗೆ ಹೋಗಿ ಮಡದಿಯೊಡನೆ ಪಿಸುಮಾತನಾಡಿ, ಮಗಳ ಕಾಲೇಜಿನ ಶುಲ್ಕವನ್ನೂ ಮನೆಯ ಬಾಡಿಗೆಯನ್ನೂ ಲೆಕ್ಕ ಹಾಕಿ, ಒಂದು ರಾತ್ರಿ ನಿದ್ದೆಗೆಟ್ಟು, ಮರುದಿನ ಹೇಗೋ ಒಂದು ಉತ್ತರ ಹೇಳುತ್ತಾರೆ. ಅದೇ ಮನುಷ್ಯ ಬ್ಯಾಂಕಿನ ಕಾಗದಗಳ ಕಟ್ಟೊಂದನ್ನು ಹಿಡಿದು ಬಂದು, "ಭಾವ, ಬ್ಯಾಂಕಿನವರು ಸುಮ್ಮನೆ ಶಾಸ್ತ್ರಕ್ಕೆಂದು ಕೇಳುತ್ತಾರೆ. ಇಲ್ಲೊಂದು, ಇಲ್ಲೊಂದು ಸಹಿ ಹಾಕಿಬಿಡಿ. ನಿಮಗೆ ತೊಂದರೆ ಬರುವುದಕ್ಕೆ ಬಿಡುತ್ತೇನೆಯೇ?" ಎಂದರೆ, ಕಾಫಿಯ ಲೋಟ ಕೆಳಗಿಡುವ ಮೊದಲೇ ಸಹಿ ಬಿದ್ದಿರುತ್ತದೆ. ಅದು ಹತ್ತು ಲಕ್ಷ ರೂಪಾಯಿಯ ಸಾಲಕ್ಕೆ!

ಸಹಿ ಹಾಕಿದವರನ್ನು ಕೇಳಿ ನೋಡಿ: ಬಹುಮಂದಿ ತಾವು ಒಂದು ಬಗೆಯ ಸಾಕ್ಷಿ ಹಾಕಿದೆವೆಂದೇ ತಿಳಿದಿರುತ್ತಾರೆ. 'ಹುಡುಗ ಒಳ್ಳೆಯವನು, ನನಗೆ ಗೊತ್ತು' ಎಂದು ಹೇಳಿದಂತಾಯಿತು, ಅಷ್ಟೇ ತಾನೆ ಎಂಬುದು ಅವರ ಭಾವನೆ. ಇನ್ನು ಕೆಲವರು ಸ್ವಲ್ಪ ಮುಂದೆ ಹೋಗಿ, ಸಾಲಗಾರನಿಂದ ವಸೂಲು ಮಾಡುವ ಪ್ರಯತ್ನಗಳೆಲ್ಲ ಮುಗಿದು, ಅವನ ಮನೆಮಠ ಹರಾಜಾಗಿ, ಆಮೇಲೂ ಏನಾದರೂ ಉಳಿದರೆ ಅದಕ್ಕೆ ಮಾತ್ರ ತಾವು ಹೊಣೆ ಎಂದು ನಂಬಿರುತ್ತಾರೆ. ಎರಡೂ ತಪ್ಪು. ಸಾಕ್ಷಿ ಹಾಕಿದವನು ತಾನು ಕಂಡದ್ದನ್ನು ಹೇಳಬೇಕಾದೀತು. ಜಾಮೀನು ಹಾಕಿದವನು ತಾನು ಕಾಣದ ಹಣವನ್ನು ತೆರಬೇಕಾಗುತ್ತದೆ. ಅದೂ ಸಾಲಗಾರನ ಹಿಂದೆ ಸಾಲಿನಲ್ಲಿ ಎರಡನೆಯವನಾಗಿ ನಿಂತಲ್ಲ, ಅವನ ಪಕ್ಕದಲ್ಲಿ, ಹೆಗಲಿಗೆ ಹೆಗಲು ತಾಗಿಸಿ ನಿಂತು.

ಈ ವಿಚಾರವನ್ನು ಹೇಳುವ ಕಾನೂನು ಹೊಸದೇನೂ ಅಲ್ಲ. 1872ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಭಾರತೀಯ ಕರಾರು ಕಾಯಿದೆಯಲ್ಲಿ 126ರಿಂದ 147ರವರೆಗಿನ ಇಪ್ಪತ್ತೆರಡು ಕಲಮುಗಳು ಜಾಮೀನಿಗೆ ಮೀಸಲಾಗಿವೆ. ಅವುಗಳಲ್ಲಿ ಎಲ್ಲಕ್ಕಿಂತ ಭಾರವಾದುದು 128ನೆಯ ಕಲಮು. ಕರಾರಿನಲ್ಲಿ ಬೇರೆ ರೀತಿಯಾಗಿ ಹೇಳಿದ್ದ ಹೊರತು, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ ಎಂಬುದು ಅದರ ತಾತ್ಪರ್ಯ. ಅಸಲು ಮಾತ್ರವಲ್ಲ, ಬಡ್ಡಿಯೂ ಖರ್ಚುವೆಚ್ಚಗಳೂ ಅದರೊಳಗೆ ಬಂದವು. ಇನ್ನೊಂದು ಸಂಗತಿಯನ್ನು ಕೇಳಿದರೆ ಅನೇಕರಿಗೆ ಆಶ್ಚರ್ಯವಾದೀತು. ನಮ್ಮ ದೇಶದಲ್ಲಿ ಜಾಮೀನು ಬಾಯಿಮಾತಿನಲ್ಲಿಯೂ ಆಗಬಹುದೆಂದು 126ನೆಯ ಕಲಮು ಹೇಳುತ್ತದೆ. "ಅವನು ಕೊಡದಿದ್ದರೆ ನಾನು ಕೊಡುತ್ತೇನೆ, ಹೋಗಯ್ಯ" ಎಂದು ಅಂಗಡಿಯವನೊಡನೆ ಆಡಿದ ಮಾತು ಸಹ ರುಜುವಾತಾದರೆ ಜಾಮೀನೇ.

ಸಾಲಗಾರನನ್ನು ಮೊದಲು ಹಿಡಿಯದೆ ಜಾಮೀನುದಾರನ ಮೇಲೆ ಕೈ ಹಾಕಬಹುದೆ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ ಇತ್ಯರ್ಥವಾಗಿದೆ. ಅದು ಬ್ಯಾಂಕ್ ಆಫ್ ಬಿಹಾರ್ ಹೂಡಿದ್ದ ಮೊಕದ್ದಮೆ. ಬ್ಯಾಂಕು ಸಾಲಗಾರನ ಮೇಲೂ ಜಾಮೀನುದಾರನ ಮೇಲೂ ಒಟ್ಟಿಗೆ ದಾವಾ ಹಾಕಿತು. ಕೆಳಗಿನ ನ್ಯಾಯಾಲಯ ಇಬ್ಬರ ಮೇಲೂ ಡಿಕ್ರಿ ಕೊಟ್ಟಿತು. ಆದರೆ ಸಾಲಗಾರನ ವಿರುದ್ಧ ಇರುವ ದಾರಿಗಳನ್ನೆಲ್ಲ ಮುಗಿಸಿದ ಮೇಲೆಯೇ ಜಾಮೀನುದಾರನ ಬಳಿಗೆ ಹೋಗಬೇಕೆಂದು ಒಂದು ಷರತ್ತನ್ನು ಸೇರಿಸಿತು. ಪಾಟ್ನಾ ಉಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಕೇಳುವುದಕ್ಕೆ ಎಷ್ಟು ನ್ಯಾಯವಾಗಿ ತೋರುತ್ತದೆ! 1968ರ ಆಗಸ್ಟ್ 8ರಂದು ಸರ್ವೋಚ್ಚ ನ್ಯಾಯಾಲಯ ಆ ಷರತ್ತನ್ನು ಕಿತ್ತುಹಾಕಿತು. ಸಾಲಗಾರನು ಸ್ಥಿತಿವಂತನೆಂಬುದು ಜಾಮೀನುದಾರನಿಗೆ ರಕ್ಷೆಯಲ್ಲ. ಅವನು ಮೊದಲು ಹಣ ಕಟ್ಟಲಿ, ಆಮೇಲೆ ಸಾಲಗಾರನಿಂದ ವಸೂಲು ಮಾಡಿಕೊಳ್ಳಲಿ. ಕಾಯುತ್ತ ಕೂಡಬೇಕಾದರೆ ಸಾಲ ಕೊಟ್ಟವನಿಗೆ ಜಾಮೀನು ಇದ್ದೂ ಪ್ರಯೋಜನವೇನು — ಇದು ಆ ತೀರ್ಪಿನ ಸಾರ. ಅಂದಿನಿಂದ ಇಂದಿನವರೆಗೆ ಈ ನಿಯಮ ಬದಲಾಗಿಲ್ಲ.

ಸಹಿ ಹಾಕಿ ಸಿಕ್ಕಿಕೊಂಡವರಿಗೆ ಇದು ಕ್ರೂರವೆನಿಸುವುದು ಸಹಜ. ಆದರೆ ನಿಷ್ಪಕ್ಷಪಾತವಾಗಿ ನೋಡಿದರೆ ನಿಯಮದಲ್ಲಿ ಅನ್ಯಾಯವಿಲ್ಲವೆಂದೇ ನನ್ನ ಅಭಿಪ್ರಾಯ. ಬ್ಯಾಂಕು ಕೊಟ್ಟದ್ದು ಮತ್ತೊಬ್ಬರು ನಂಬಿ ಇಟ್ಟ ಠೇವಣಿಯ ಹಣ. ನಿಮ್ಮ ಹೆಸರನ್ನು ನೋಡದಿದ್ದರೆ ಅದು ನಿಮ್ಮ ಮೈದುನನಿಗೆ ಸಾಲ ಕೊಡುತ್ತಿರಲಿಲ್ಲ. ಅನ್ಯಾಯ ಇರುವುದು ಬೇರೆ ಕಡೆ. ಅದನ್ನು ಮುಂದೆ ಹೇಳುತ್ತೇನೆ.

ಜಾಮೀನಿನ ಈ ತೂಕವನ್ನು ನಮ್ಮ ಹಿಂದಿನವರು ಚೆನ್ನಾಗಿ ಅರಿತಿದ್ದರು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನಷ್ಟೆ. ಆ ಸ್ಮೃತಿ ಜಾಮೀನಿನಲ್ಲಿ ಮೂರು ಬಗೆಯನ್ನು ಎಣಿಸುತ್ತದೆ. 'ಕರೆದಾಗ ಇವನನ್ನು ತಂದು ನಿಮ್ಮ ಮುಂದೆ ನಿಲ್ಲಿಸುತ್ತೇನೆ' ಎಂಬುದು ಒಂದು. ಅದು ದರ್ಶನದ ಹೊಣೆ. 'ಇವನು ನಂಬಿಗಸ್ಥ, ನನ್ನ ಮಾತಿನ ಮೇಲೆ ಕೊಡಿ' ಎಂಬುದು ಎರಡನೆಯದು. ಅದು ಪ್ರತ್ಯಯದ ಹೊಣೆ. 'ಇವನು ಕೊಡದಿದ್ದರೆ ನಾನೇ ಕೊಡುತ್ತೇನೆ' ಎಂಬುದು ಮೂರನೆಯದು, ದಾನದ ಹೊಣೆ. ಮೊದಲ ಎರಡರಲ್ಲಿ ಮಾತು ಸುಳ್ಳಾದರೆ ಹೊಣೆ ನಿಂತವನು ಮಾತ್ರ ತೆರಬೇಕು; ಮೂರನೆಯದರಲ್ಲಿ ಅವನ ಮಕ್ಕಳೂ ತೆರಬೇಕು. ನಮ್ಮ ಭಾವಂದಿರು ಎರಡನೆಯ ಬಗೆಯ ಜಾಮೀನೆಂದು ತಿಳಿದು ಸಹಿ ಹಾಕುತ್ತಾರೆ. ಬ್ಯಾಂಕು ಮೂರನೆಯದನ್ನು ಬರೆಸಿಕೊಳ್ಳುತ್ತದೆ. ತೊಡಕೆಲ್ಲ ಇಲ್ಲಿಯೇ.

ಆ ಸ್ಮೃತಿಯಲ್ಲಿ ಇನ್ನೂ ಎರಡು ಕುತೂಹಲಕರವಾದ ಮಾತುಗಳಿವೆ. ಅವಿಭಕ್ತವಾಗಿರುವ ಅಣ್ಣತಮ್ಮಂದಿರು, ಗಂಡಹೆಂಡಿರು, ತಂದೆಮಕ್ಕಳು ಒಬ್ಬರಿಗೊಬ್ಬರು ಜಾಮೀನು ನಿಲ್ಲುವುದನ್ನು ಅದು ಒಪ್ಪುವುದಿಲ್ಲ. ಇಂದಿನ ಬ್ಯಾಂಕಾದರೋ ಗಂಡನ ಸಾಲಕ್ಕೆ ಹೆಂಡತಿಯ ಸಹಿಯನ್ನೇ ಮೊದಲು ಕೇಳುತ್ತದೆ. ಎರಡನೆಯ ಮಾತು ಜಾಮೀನುದಾರರಿಗೆ ಬಹಳ ಇಷ್ಟವಾದೀತು: ಬಹಿರಂಗವಾಗಿ ಪರರ ಸಾಲವನ್ನು ತೆತ್ತವನಿಗೆ ಸಾಲಗಾರನು ಎರಡರಷ್ಟು ಹಿಂತಿರುಗಿಸಬೇಕಂತೆ! 1872ರ ಕಾಯಿದೆಯಲ್ಲಿ ಆ ಔದಾರ್ಯವಿಲ್ಲ.

ಜಾಮೀನು ಎಂಬುದು ಕೇವಲ ಬಲೆಯೆಂದು ಯಾರೂ ಭಾವಿಸಬಾರದು. ಆಸ್ತಿಯಿಲ್ಲದವನಿಗೆ ಸಾಲ ಹುಟ್ಟುವುದು ಇದರಿಂದಲೇ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಹುಟ್ಟಿದ ಸಹಕಾರ ಸಂಘವೇ ಮೊದಲಾಗಿ, ನಮ್ಮ ಹಳ್ಳಿಯ ಪತ್ತಿನ ಸಂಘಗಳು ನಿಂತದ್ದು ಒಬ್ಬರ ಸಾಲಕ್ಕೆ ಮತ್ತೊಬ್ಬರು ಹೊಣೆಯಾಗುವ ತತ್ತ್ವದ ಮೇಲೆ. ಚೀಟಿ ಎತ್ತಿದವನಿಗೆ ಮುಂದಿನ ಕಂತುಗಳಿಗಾಗಿ ಜಾಮೀನು ಕೇಳುವುದೂ ಇದೇ ನ್ಯಾಯದಿಂದ. ಆದರೆ ಆ ಹಳ್ಳಿಯಲ್ಲಿ ಯಾರ ಹೊಲದಲ್ಲಿ ಎಷ್ಟು ಬೆಳೆ ಬಂತೆಂಬುದು ಎಲ್ಲರಿಗೂ ಕಾಣುತ್ತಿತ್ತು. ನಗರದಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿಯ ಸಾಲವೆಷ್ಟು, ಕಂತು ಸರಿಯಾಗಿ ಹೋಗುತ್ತಿದೆಯೆ, ಯಾರಿಗೆ ಗೊತ್ತು?

ಕಾಯಿದೆ ಕೊಟ್ಟ ಕವಚ

ಕಾಯಿದೆ ಜಾಮೀನುದಾರನನ್ನು ಸಾಲಗಾರನ ಪಕ್ಕದಲ್ಲಿ ನಿಲ್ಲಿಸಿತೆಂದರೆ ಅವನನ್ನು ನಿರಾಯುಧನಾಗಿ ನಿಲ್ಲಿಸಿತೆಂದಲ್ಲ. ಉಪಕಾರಕ್ಕಾಗಿ ನಿಂತವನೆಂಬ ಕನಿಕರ ಆ ಕಲಮುಗಳಲ್ಲಿ ಎದ್ದುಕಾಣುತ್ತದೆ.

ಸಾಲದ ನಿಬಂಧನೆಗಳನ್ನು ನಿಮ್ಮ ಒಪ್ಪಿಗೆಯಿಲ್ಲದೆ ಬ್ಯಾಂಕೂ ಸಾಲಗಾರನೂ ತಮ್ಮತಮ್ಮೊಳಗೇ ಬದಲಾಯಿಸಿಕೊಂಡರೆ, ಬದಲಾವಣೆಯ ಅನಂತರದ ವ್ಯವಹಾರಗಳಿಗೆ ನೀವು ಹೊಣೆಯಲ್ಲ. ಇದು 133ನೆಯ ಕಲಮು. ಬ್ಯಾಂಕು ಸಾಲಗಾರನನ್ನು ಹೊಣೆಯಿಂದ ಬಿಡುಗಡೆ ಮಾಡಿದರೆ ನಿಮಗೂ ಬಿಡುಗಡೆ. ನಿಮ್ಮನ್ನು ಕೇಳದೆ ಅವನೊಡನೆ ರಾಜಿ ಮಾಡಿಕೊಂಡು, 'ನಿನಗೆ ಇಷ್ಟು ಕಾಲಾವಕಾಶ ಕೊಟ್ಟಿದ್ದೇವೆ' ಎಂದು ಕರಾರು ಬರೆದುಕೊಟ್ಟರೂ ಹಾಗೆಯೇ. ಬ್ಯಾಂಕು ದಾವಾ ಹಾಕದೆ ಸುಮ್ಮನೆ ಕುಳಿತರೆ ಮಾತ್ರ ಬಿಡುಗಡೆಯಿಲ್ಲ. ಮೌನವೇ ಬೇರೆ, ಮಾತು ಕೊಡುವುದೇ ಬೇರೆ.

ಇವೆಲ್ಲಕ್ಕಿಂತ ಪ್ರಯೋಜನಕರವಾದುದು 141ನೆಯ ಕಲಮೆಂದು ನನಗೆ ತೋರುತ್ತದೆ. ಸಾಲಗಾರನು ಬ್ಯಾಂಕಿನಲ್ಲಿ ಒತ್ತೆಯಿಟ್ಟ ಸಾಮಾನು, ಅಡವಿಟ್ಟ ನಿವೇಶನ ಇವೆಲ್ಲ ಬ್ಯಾಂಕಿಗೆ ಹೇಗೆ ಆಧಾರವೋ, ಹಣ ಕಟ್ಟಿದ ಜಾಮೀನುದಾರನಿಗೂ ಹಾಗೆಯೇ ಆಧಾರ. ಆದ್ದರಿಂದ ನಿಮ್ಮ ಸಮ್ಮತಿಯಿಲ್ಲದೆ ಬ್ಯಾಂಕು ಅದನ್ನು ಕೈಬಿಟ್ಟರೆ ಅಥವಾ ಕಳೆದುಕೊಂಡರೆ, ಅದರ ಬೆಲೆಯಷ್ಟರ ಮಟ್ಟಿಗೆ ನಿಮ್ಮ ಹೊಣೆ ಹರಿಯಿತು. ಬಿಹಾರದ ತೀರ್ಪು ಬಂದ 1968ರಲ್ಲಿಯೇ ಸ್ಟೇಟ್ ಬ್ಯಾಂಕ್ ಆಫ್ ಟ್ರಾವಂಕೂರಿಗೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ ಈ ಕಲಮು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಒತ್ತೆಯಿಟ್ಟ ಸರಕಿನಲ್ಲಿ 35,690 ರೂಪಾಯಿ ಬೆಲೆಯಷ್ಟು ಕಡಮೆಯಾಗಿತ್ತು. ಅದಕ್ಕೆ ಬ್ಯಾಂಕಿನ ಅಜಾಗರೂಕತೆ ಕಾರಣವೆಂದು ಕಂಡುಬಂದುದರಿಂದ ಅಷ್ಟು ಹಣದ ಮಟ್ಟಿಗೆ ಜಾಮೀನುದಾರನು ಪಾರಾದನು.

ಬಚ್ಚಿಟ್ಟು ಪಡೆದ ಜಾಮೀನೂ ಸಲ್ಲದು. ಕಾಯಿದೆಯಲ್ಲಿಯೇ ಒಂದು ಚಿಕ್ಕ ಕಥೆಯಂಥ ಉದಾಹರಣೆಯಿದೆ. ಒಬ್ಬ ಧಣಿ ಹಣ ವಸೂಲು ಮಾಡಲು ಗುಮಾಸ್ತನೊಬ್ಬನನ್ನು ಇಟ್ಟುಕೊಂಡನು. ಗುಮಾಸ್ತ ಕೆಲವು ಮೊಬಲಗಿಗೆ ಲೆಕ್ಕ ಒಪ್ಪಿಸಲಿಲ್ಲ. ಆಗ ಧಣಿ, "ಇನ್ನು ಮುಂದೆ ಜಾಮೀನು ತಂದರೆ ಮಾತ್ರ ಕೆಲಸ" ಎಂದನು. ಗುಮಾಸ್ತ ಒಬ್ಬರನ್ನು ಕರೆತಂದನು. ಹಿಂದಿನ ಲೆಕ್ಕ ತಪ್ಪಿದ ಸಂಗತಿಯನ್ನು ಧಣಿ ಆ ಜಾಮೀನುದಾರನಿಗೆ ತಿಳಿಸಲೇ ಇಲ್ಲ. ಗುಮಾಸ್ತ ಮತ್ತೆ ಹಣ ತಿಂದನು. ಆ ಜಾಮೀನು ಊರ್ಜಿತವಲ್ಲ. ಮುಖ್ಯವಾದ ಸಂಗತಿಯನ್ನು ತಿಳಿದೂ ಮೌನವಾಗಿದ್ದು ಪಡೆದ ಜಾಮೀನು ರದ್ದೆಂದು 143ನೆಯ ಕಲಮು ವಿಧಿಸುತ್ತದೆ. ಹಾಗೆಯೇ, 'ನನ್ನ ಜೊತೆಗೆ ಇನ್ನೊಬ್ಬರು ಜಾಮೀನು ಹಾಕಿದರೆ ಮಾತ್ರ ಇದು ಜಾರಿಗೆ ಬರಲಿ' ಎಂಬ ಕರಾರಿನ ಮೇಲೆ ನೀವು ಸಹಿ ಮಾಡಿದ್ದು, ಆ ಇನ್ನೊಬ್ಬರು ಸೇರದೇ ಹೋದರೆ ನಿಮ್ಮ ಜಾಮೀನೂ ಬಿದ್ದುಹೋಗುತ್ತದೆ.

ಮುದ್ರಿತ ನಮೂನೆ

ಇಷ್ಟೆಲ್ಲ ಕವಚವಿದ್ದೂ ಜಾಮೀನುದಾರರು ನ್ಯಾಯಾಲಯದಲ್ಲಿ ಸೋಲುವುದೇಕೆ? ಮೇಲೆ ಅನ್ಯಾಯವೆಂದು ನಾನು ಸೂಚಿಸಿದ್ದು ಇದನ್ನೇ. ಬ್ಯಾಂಕಿನ ಮುದ್ರಿತ ನಮೂನೆಯ ಮೂರನೆಯದೋ ನಾಲ್ಕನೆಯದೋ ಪುಟದಲ್ಲಿ, ಸಾಸಿವೆಯಂಥ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ, 'ಕರಾರು ಕಾಯಿದೆಯ 133, 134, 135, 139, 141ನೆಯ ಕಲಮುಗಳಿಂದ ಜಾಮೀನುದಾರನಿಗೆ ದೊರೆಯುವ ಹಕ್ಕುಗಳನ್ನು ಅವನು ಈ ಮೂಲಕ ಬಿಟ್ಟುಕೊಟ್ಟಿದ್ದಾನೆ' ಎಂಬ ಅರ್ಥದ ಒಂದು ವಾಕ್ಯವಿರುವುದು ಸಾಮಾನ್ಯ. ಶಾಸನಸಭೆ ಒಂದು ಕೈಯಿಂದ ಕೊಟ್ಟದ್ದನ್ನು ಅಚ್ಚುಕೂಟ ಮತ್ತೊಂದು ಕೈಯಿಂದ ಕಿತ್ತುಕೊಂಡಂತಾಯಿತು. ಇಂಥ ತ್ಯಾಗವನ್ನು ನ್ಯಾಯಾಲಯಗಳು ಅನೇಕ ಸಲ ಮಾನ್ಯ ಮಾಡಿವೆ. ತಿಳಿದು ಸಹಿ ಮಾಡಿದವನು ತನ್ನ ಹಕ್ಕನ್ನು ಬಿಡಬಲ್ಲನೆಂಬುದು ಅವುಗಳ ವಾದ. ತಿಳಿದು ಸಹಿ ಮಾಡಿದವರು ಎಷ್ಟು ಮಂದಿ? ಗೃಹಸ್ಥನೊಬ್ಬನು ಓದದ ವಾಕ್ಯದಿಂದ ಅವನ ಕವಚ ಕಳಚುವುದು ನ್ಯಾಯವೆಂದು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ.

ಆದುದರಿಂದ ಸಹಿ ಹಾಕುವ ದಿನವೇ ನಿಮ್ಮ ಕೈಯಲ್ಲಿ ಬಲವಿರುವ ದಿನ. ಅದಾದ ಮರುದಿನ ಇಲ್ಲ. ಮೊದಲು ಕೇಳಬೇಕಾದ ಪ್ರಶ್ನೆ, ಈ ಸಾಲಕ್ಕೆ ಜಾಮೀನು ನಿಜವಾಗಿಯೂ ಬೇಕೇ ಎಂಬುದು. ಉದಾಹರಣೆಗೆ, ಬ್ಯಾಂಕುಗಳ ಮಾದರಿ ವಿದ್ಯಾಭ್ಯಾಸ ಸಾಲ ಯೋಜನೆಯಲ್ಲಿ ನಾಲ್ಕು ಲಕ್ಷ ರೂಪಾಯಿಯವರೆಗೆ ಹೊರಗಿನವರ ಜಾಮೀನು ಬೇಕಿಲ್ಲ. ತಂದೆಯೋ ತಾಯಿಯೋ ಜೊತೆಸಾಲಗಾರರಾದರೆ ಸಾಕು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಗೊತ್ತುಪಡಿಸಿದ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ ಅಡವೂ ಇಲ್ಲ, ಜಾಮೀನೂ ಇಲ್ಲ. ಹೀಗಿದ್ದೂ ಚಿಕ್ಕಪ್ಪನನ್ನು ಕರೆತರಬೇಕೆಂದು ಹುಡುಗನಿಗೆ ಹೇಳಿ ಕಳುಹಿಸಿದರೆ, ಯಾವ ನಿಯಮದಂತೆ ಎಂದು ಬರೆವಣಿಗೆಯಲ್ಲಿ ಕೇಳಬಹುದು.

ಜಾಮೀನು ಬೇಕೇ ಬೇಕೆಂದಾದರೆ, 128ನೆಯ ಕಲಮಿನ ಮಾತನ್ನು ನೆನಪಿಗೆ ತಂದುಕೊಳ್ಳಿ: 'ಕರಾರಿನಲ್ಲಿ ಬೇರೆ ರೀತಿಯಾಗಿ ಹೇಳಿದ್ದ ಹೊರತು.' ಬೇರೆ ರೀತಿಯಾಗಿ ಹೇಳಿಸಬಹುದು! 'ನನ್ನ ಹೊಣೆ ಬಡ್ಡಿ ಖರ್ಚು ಎಲ್ಲ ಸೇರಿ ಮೂರು ಲಕ್ಷ ರೂಪಾಯಿಗೆ ಮೀರತಕ್ಕದ್ದಲ್ಲ' ಎಂದು ಬರೆಸಬಹುದು. ಖಾಲಿ ಬಿಟ್ಟ ಜಾಗಗಳನ್ನು ತುಂಬದೆ ಸಹಿ ಮಾಡುವುದಿಲ್ಲವೆಂದು ಹೇಳಬಹುದು. ಎಲ್ಲ ಕಾಗದಗಳ ನಕಲನ್ನು ಕೇಳಿ ಪಡೆಯಬಹುದು. ಬ್ಯಾಂಕು ಒಪ್ಪದೆ ಇರಬಹುದು. ಆಗ ನೀವೂ ಒಪ್ಪದೆ ಇರಬಹುದು. ನಮೂನೆಯ ತಲೆಬರಹವನ್ನೂ ನೋಡಿ. 'ಜಾಮೀನುದಾರ' ಎಂದಿದೆಯೋ 'ಸಹ-ಸಾಲಗಾರ' ಎಂದಿದೆಯೋ? ಸಹ-ಸಾಲಗಾರನೆಂದು ಸಹಿ ಹಾಕಿದವನು ಸ್ವತಃ ಸಾಲ ಪಡೆದವನೇ ಆಗುತ್ತಾನೆ. ಮೇಲೆ ಹೇಳಿದ ಕವಚ ಅವನಿಗಿಲ್ಲ. ಇನ್ನೊಂದು ವಾಕ್ಯವನ್ನೂ ಹುಡುಕಬೇಕು: ಅದೇ ಬ್ಯಾಂಕಿನಲ್ಲಿರುವ ನಿಮ್ಮ ಠೇವಣಿಯನ್ನು ಮತ್ತೊಬ್ಬನ ಸಾಲಕ್ಕೆ ಜಮಾ ಹಿಡಿದುಕೊಳ್ಳುವ ಅಧಿಕಾರವನ್ನು ನೀವು ಬರೆದುಕೊಡುತ್ತಿದ್ದೀರೋ ಎಂಬುದನ್ನು.

ಸಹಕಾರ ಸಂಘದ ಸಾಲವಾದರೆ ಮತ್ತೂ ಒಂದು ಕಾಗದ ಬರುತ್ತದೆ. ಕರ್ನಾಟಕ ಸಹಕಾರ ಸಂಘಗಳ 1959ರ ಕಾಯಿದೆಯಂತೆ, ಸದಸ್ಯನು ಬರೆದುಕೊಟ್ಟ ಒಪ್ಪಿಗೆಯ ಮೇಲೆ ಅವನ ಸಂಬಳದಿಂದಲೇ ಹಣ ಮುರಿದು ಸಂಘಕ್ಕೆ ಕಳುಹಿಸುವಂತೆ ಕಛೇರಿಗೆ ತಿಳಿಸಬಹುದು. ಆ ಒಪ್ಪಿಗೆಗೆ ಸಹಿ ಹಾಕಿದ ಜಾಮೀನುದಾರನ ಸಂಬಳದಲ್ಲಿ ಮುರಿತ ಆರಂಭವಾಗುವುದಕ್ಕೆ ನ್ಯಾಯಾಲಯದ ಡಿಕ್ರಿಯೇ ಬೇಕೆಂದಿಲ್ಲ.

ವ್ಯಾಪಾರಿಗಳ ಓವರ್‌ಡ್ರಾಫ್ಟಿಗೆ ನಿಂತವರಿಗೆ ಒಂದು ಅನುಕೂಲವುಂಟು. ಅದು ನಿರಂತರ ಜಾಮೀನು. 130ನೆಯ ಕಲಮಿನಂತೆ, ಮುಂದೆ ಆಗುವ ವ್ಯವಹಾರಗಳ ಮಟ್ಟಿಗೆ ಅದನ್ನು ಬ್ಯಾಂಕಿಗೆ ನೋಟೀಸು ಕೊಟ್ಟು ಹಿಂತೆಗೆದುಕೊಳ್ಳಬಹುದು. ಆ ದಿನದವರೆಗಿನ ಬಾಕಿಗೆ ಹೊಣೆ ತಪ್ಪದು, ಆದರೆ ಅದು ಬೆಳೆಯದಂತೆ ತಡೆದಂತಾಯಿತು. ಕೊಟ್ಟು ಮುಗಿದ ಮನೆಸಾಲಕ್ಕೋ ವಾಹನಸಾಲಕ್ಕೋ ನಿಂತವರು ಹೀಗೆ ಹಿಂದೆ ಸರಿಯುವಂತಿಲ್ಲ. ಜಾಮೀನುದಾರನು ತೀರಿಕೊಂಡರೆ ಹಿಂದಿನ ಬಾಕಿ ಅವನ ಆಸ್ತಿಯ ಮೇಲೆ ಉಳಿಯುತ್ತದೆ. ವಾರಸುದಾರರು ತಮಗೆ ಬಂದ ಆಸ್ತಿಯ ಮಟ್ಟಿಗೆ ಉತ್ತರ ಹೇಳಬೇಕು, ಅದಕ್ಕೆ ಮೀರಿ ಅಲ್ಲ. ತಂದೆ ಎಲ್ಲೆಲ್ಲಿ ಜಾಮೀನು ನಿಂತಿದ್ದಾರೆಂಬುದು ಮನೆಯ ಯಾರಿಗೂ ತಿಳಿಯದೆ, ವೈಕುಂಠ ಸಮಾರಾಧನೆ ಮುಗಿದ ಮೇಲೆ ನೋಟೀಸು ಬಂದು ದಿಗ್ಭ್ರಮೆಗೊಳ್ಳುವ ಕುಟುಂಬಗಳುಂಟು. ಠೇವಣಿಯ ರಸೀತಿಗಳ ಜೊತೆಗೆ ಜಾಮೀನಿನ ನಕಲುಗಳೂ ಗೃಹಿಣಿಯ ಕಬ್ಬಿಣದ ಪೆಟ್ಟಿಗೆಯಲ್ಲಿ ಇರಬೇಕು.

ನೋಟೀಸು ಬಂದಾಗ

ಸಾಲಗಾರನು ಕಂತು ತಪ್ಪಿಸಿದನೆಂಬುದು ಜಾಮೀನುದಾರನಿಗೆ ಹಲವು ಸಲ ತಿಳಿಯುವುದು ತಾನು ಬೇರೊಂದು ಸಾಲಕ್ಕೆ ಅರ್ಜಿ ಹಾಕಿದಾಗ. ನೀವು ನಿಂತ ಜಾಮೀನು ಸಿಬಿಲ್ ಮೊದಲಾದ ಸಾಲಮಾಹಿತಿ ಸಂಸ್ಥೆಗಳ ದಾಖಲೆಯಲ್ಲಿ ನಿಮ್ಮ ಹೆಸರಿನ ಕೆಳಗೂ ಬರುತ್ತದೆ. ದೇಶದಲ್ಲಿರುವ ಇಂಥ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ನಿಮ್ಮ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಜಾಮೀನು ನಿಂತವರು ಅದನ್ನು ವರ್ಷವರ್ಷವೂ ತರಿಸಿ ನೋಡುವುದು ಬುದ್ಧಿವಂತಿಕೆ. ಬಾಕಿ ಎರಡು ಕಂತಿನಲ್ಲಿರುವಾಗ ಮೈದುನನನ್ನು ಕೂರಿಸಿಕೊಂಡು ಮಾತನಾಡುವುದು ಒಂದು. ಇಪ್ಪತ್ತು ಕಂತಾದ ಮೇಲೆ ಮಾತನಾಡುವುದು ಇನ್ನೊಂದು. ವರದಿಯಲ್ಲಿ ತಪ್ಪಿದ್ದರೆ ದೂರು ಕೊಟ್ಟ ಮೂವತ್ತು ದಿನಗಳೊಳಗೆ ಅದನ್ನು ಇತ್ಯರ್ಥ ಮಾಡಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿದೆ.

ನೀವು ಸಹಿಯ ಜೊತೆಗೆ ಮನೆಯನ್ನೂ ಅಡವಿಟ್ಟಿದ್ದರೆ ವಿಷಯ ಗಂಭೀರ. 'ಸರ್ಫೇಸಿ' ಎಂದು ಕರೆಯುವ 2002ರ ಕಾಯಿದೆಯಲ್ಲಿ 'ಸಾಲಗಾರ' ಎಂಬ ಪದದೊಳಗೆ ಜಾಮೀನುದಾರನೂ ಸೇರಿದ್ದಾನೆ. ಆದರೆ ಬ್ಯಾಂಕು ನೇರವಾಗಿ ಬಂದು ಬೀಗ ಹಾಕುವಂತಿಲ್ಲ. ಅರವತ್ತು ದಿನಗಳ ನೋಟೀಸು ಕೊಡಬೇಕು. ನೀವು ಆಕ್ಷೇಪಣೆ ಬರೆದರೆ ಅದು ಕೈಸೇರಿದ ಹದಿನೈದು ದಿನಗಳೊಳಗೆ, ಒಪ್ಪದಿದ್ದರೆ ಕಾರಣ ಸಹಿತವಾಗಿ ಉತ್ತರಿಸಬೇಕು. ಸ್ವಾಧೀನದ ಕ್ರಮ ಕೈಗೊಂಡರೆ ನಲವತ್ತೈದು ದಿನಗಳೊಳಗೆ ಸಾಲವಸೂಲಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಆ ಮೊದಲ ನೋಟೀಸನ್ನು ಹೆದರಿ ಬೀರುವಿನಲ್ಲಿ ಮುಚ್ಚಿಡುವವರೇ ಹೆಚ್ಚು. ಅದಕ್ಕಿಂತ ದೊಡ್ಡ ಹಾನಿ ಇನ್ನೊಂದಿಲ್ಲ. ಅಡವಿಡದೆ ಬರಿಯ ಸಹಿ ಮಾತ್ರ ಹಾಕಿದ್ದರೆ, ಆ ಕಾಯಿದೆಯಂತೆ ನಿಮ್ಮ ಮನೆಗೆ ಕೈಹಾಕಲು ಬ್ಯಾಂಕಿಗೆ ಬರುವುದಿಲ್ಲ. ಅದು ನ್ಯಾಯಾಲಯಕ್ಕೋ ನ್ಯಾಯಾಧಿಕರಣಕ್ಕೋ ಹೋಗಿಯೇ ತೀರಬೇಕು.

ಇನ್ನು ಸಂಬಳ. ದಿವಾಣಿ ವ್ಯವಹಾರ ಸಂಹಿತೆಯ 60ನೆಯ ಕಲಮಿನಂತೆ, ವಿನಾಯಿತಿ ಪಡೆದ ಭತ್ಯೆಗಳನ್ನು ಬಿಟ್ಟು ಉಳಿದ ಸಂಬಳದಲ್ಲಿ ಮೊದಲ ಒಂದು ಸಾವಿರ ರೂಪಾಯಿಯನ್ನೂ, ಮಿಕ್ಕದ್ದರಲ್ಲಿ ಮೂರನೆಯ ಎರಡು ಭಾಗವನ್ನೂ ಮುಟ್ಟುವಂತಿಲ್ಲ. ತಿಂಗಳಿಗೆ 61,000 ರೂಪಾಯಿ ಬರುವವರಿಂದ ಹೆಚ್ಚೆಂದರೆ 20,000 ರೂಪಾಯಿ ಜಪ್ತಿಯಾಗಬಹುದು. ಅದೂ ಒಂದೇ ಡಿಕ್ರಿಗೆ ಒಟ್ಟು ಇಪ್ಪತ್ತನಾಲ್ಕು ತಿಂಗಳು ಮಾತ್ರ. ಆಮೇಲೆ ಆ ಡಿಕ್ರಿಯಂತೆ ಸಂಬಳಕ್ಕೆ ಕೈಹಾಕಲಾಗದು. ಭವಿಷ್ಯನಿಧಿಗೂ ನಿವೃತ್ತಿವೇತನಕ್ಕೂ ಜಪ್ತಿಯಿಲ್ಲ. ನಿವೃತ್ತರಾದವರು ಆ ಹಣವನ್ನು ಬ್ಯಾಂಕಿನಲ್ಲಿ ಠೇವಣಿಯಾಗಿ ಇಟ್ಟಮಾತ್ರಕ್ಕೆ ಅದರ ಗುಣ ಬದಲಾಗುವುದಿಲ್ಲವೆಂದು 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಉಡುವ ಬಟ್ಟೆ, ಹಾಸಿಗೆ, ಅಡಿಗೆಯ ಪಾತ್ರೆ, ಕಸುಬುದಾರನ ಉಪಕರಣ, ಧರ್ಮದ ರೂಢಿಯಂತೆ ಹೆಂಗಸರು ಮೈಮೇಲಿಂದ ತೆಗೆಯಲಾಗದ ಒಡವೆ ಇವೂ ಜಪ್ತಿಗೆ ಹೊರಗು. ಮಾಂಗಲ್ಯಕ್ಕೆ ಹೆದರಿ ಕಂಗೆಡುವ ತಾಯಂದಿರು ಇದನ್ನು ತಿಳಿದಿರಲಿ.

"ಜೈಲಿಗೆ ಕಳಿಸುತ್ತೇವೆ" ಎಂಬ ಬೆದರಿಕೆಯೂ ಉಂಟಷ್ಟೆ. ಹಣದ ಡಿಕ್ರಿಗಾಗಿ ಸ್ತ್ರೀಯರನ್ನು ಬಂಧಿಸುವಂತೆಯೇ ಇಲ್ಲ. ಪುರುಷರನ್ನಾದರೂ, ಕೊಡಲು ಇಲ್ಲವೆಂಬ ಒಂದೇ ಕಾರಣಕ್ಕೆ ಸೆರೆಯಲ್ಲಿಡಕೂಡದೆಂದು 1980ರಲ್ಲಿ ಬ್ಯಾಂಕ್ ಆಫ್ ಕೊಚ್ಚಿನ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ತೀರ್ಪಿತ್ತರು. ಇದ್ದೂ ಕೊಡದ, ಆಸ್ತಿಯನ್ನು ಮರೆಮಾಚುವ ದುರುದ್ದೇಶ ತೋರಿಬಂದರೆ ಮಾತ್ರ ಆ ಮಾತು. ವಸೂಲಿಗೆ ಬರುವ ಏಜೆಂಟರ ವಿಷಯದಲ್ಲಿಯೂ ರಿಸರ್ವ್ ಬ್ಯಾಂಕು 2022ರ ಆಗಸ್ಟ್‌ನಲ್ಲಿ ಸ್ಪಷ್ಟವಾದ ಆಜ್ಞೆಯನ್ನು ಹೊರಡಿಸಿತು. ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ಅನಂತರ ದೂರವಾಣಿ ಕರೆ ಕೂಡದು, ಯಾರನ್ನೂ ಬೆದರಿಸಕೂಡದು, ಮನೆಯವರನ್ನೂ ಸ್ನೇಹಿತರನ್ನೂ ಪೀಡಿಸಕೂಡದು, ನಾಲ್ಕು ಜನರ ಮುಂದೆ ಮಾನ ಕಳೆಯಕೂಡದು. ಮೀರಿದರೆ ಕರೆಗಳ ದಿನ, ಹೊತ್ತು ಬರೆದಿಟ್ಟು ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. ಮೂವತ್ತು ದಿನಗಳಲ್ಲಿ ಸಮಾಧಾನಕರವಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಕಟ್ಟಿದ ಮೇಲೆ

ಕೊನೆಗೆ ಕಟ್ಟಲೇಬೇಕಾಗಿ ಬಂದವರು 'ನಮ್ಮ ಹಣೆಬರಹ' ಎಂದು ರಸೀತಿಯನ್ನು ಮಡಿಸಿಟ್ಟು ಸುಮ್ಮನಾಗುತ್ತಾರೆ. ಹಾಗೆ ಮಾಡಬೇಕಾದ್ದಿಲ್ಲ. ಬಾಕಿಯನ್ನು ತೀರಿಸಿದ ಗಳಿಗೆಯಿಂದ ಜಾಮೀನುದಾರನು ಬ್ಯಾಂಕಿನ ಸ್ಥಾನದಲ್ಲಿ ನಿಲ್ಲುತ್ತಾನೆಂದು 140ನೆಯ ಕಲಮು ಹೇಳುತ್ತದೆ. ಸಾಲಗಾರನ ಮೇಲೆ ಬ್ಯಾಂಕಿಗಿದ್ದ ಹಕ್ಕೆಲ್ಲ ಈಗ ನಿಮ್ಮದು. ಅವನು ಅಡವಿಟ್ಟ ನಿವೇಶನದ ಪತ್ರಗಳನ್ನು ಬ್ಯಾಂಕು ಅವನ ಕೈಗೆ ಒಪ್ಪಿಸುವ ಮೊದಲೇ, ಹಣ ಕಟ್ಟಿದವರು ತಾವೆಂದೂ ಆಧಾರದ ಮೇಲೆ ತಮಗೆ ಹಕ್ಕಿದೆಯೆಂದೂ ಬ್ಯಾಂಕಿಗೆ ನೋಂದಾಯಿತ ಪತ್ರ ಬರೆಯಿರಿ. ಇದರಲ್ಲಿ ತಡಮಾಡಬಾರದು; ಏಕೆಂದರೆ ಸಾಲ ಪೂರ್ತಿ ತೀರಿದ ಮೂವತ್ತು ದಿನಗಳೊಳಗೆ ಆಸ್ತಿಯ ಮೂಲಪತ್ರಗಳನ್ನು ಹಿಂತಿರುಗಿಸಬೇಕು, ತಪ್ಪಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ನಿಯಮ 2023ರ ಡಿಸೆಂಬರ್ 1ರಿಂದ ಬ್ಯಾಂಕುಗಳ ಮೇಲಿದೆ. ಆತುರದಲ್ಲಿ ಅವು ಸಾಲಗಾರನ ಕೈಸೇರಿದರೆ ನಿಮಗೆ ಉಳಿಯುವುದು ದಾವೆಯೊಂದೇ.

ಕಟ್ಟುವಾಗಲೂ ಎಚ್ಚರ ಬೇಕು. ನಗದಾಗಿ ಮೈದುನನ ಕೈಗೆ ಕೊಟ್ಟು, "ನೀನೇ ಹೋಗಿ ಕಟ್ಟಿ ಬಾ" ಎನ್ನಬಾರದು. ನಿಮ್ಮ ಖಾತೆಯಿಂದ, ಸಾಲದ ಖಾತೆಯ ಸಂಖ್ಯೆಯನ್ನು ಕಾಣಿಸಿ, ಜಾಮೀನುದಾರನಾಗಿ ಕಟ್ಟುತ್ತಿದ್ದೇನೆಂದು ಬರೆದು ಕಟ್ಟಬೇಕು. ಬಾಕಿ ತೀರಿತೆಂಬ ಪತ್ರವನ್ನು ನಿಮ್ಮ ಹೆಸರಿಗೂ ಪಡೆಯಬೇಕು. ಸಾಲಗಾರನು ನಿಮಗೆ ನಷ್ಟ ತುಂಬಿಕೊಡುತ್ತೇನೆಂದು ಬಾಯಿಬಿಟ್ಟು ಹೇಳಿರಬೇಕಾಗಿಲ್ಲ. ಆ ವಾಗ್ದಾನ ಪ್ರತಿಯೊಂದು ಜಾಮೀನಿನಲ್ಲಿಯೂ ಅಡಗಿದೆಯೆಂದು 145ನೆಯ ಕಲಮು ಒಪ್ಪುತ್ತದೆ. ಇಬ್ಬರು ಮೂವರು ಜಾಮೀನುದಾರರಿದ್ದು ಬ್ಯಾಂಕು ನಿಮ್ಮೊಬ್ಬರನ್ನೇ ಹಿಡಿದಿದ್ದರೆ, ಮಿಕ್ಕವರಿಂದ ಅವರವರ ಸಮಪಾಲನ್ನು ಕೇಳಬಹುದು. ಸಹಕಾರ ಸಂಘದ ಸಾಲವಾಗಿದ್ದು ಸಂಘ ನಿಮ್ಮಿಂದ ವಸೂಲು ಮಾಡಿದ್ದರೆ, ಸಾಲಗಾರನ ಮೇಲಿನ ನಿಮ್ಮ ತಗಾದೆಯನ್ನು ಸಹಕಾರ ಸಂಘಗಳ ನಿಬಂಧಕರ ಮುಂದೆಯೇ ವಿವಾದವಾಗಿ ಹೂಡಬಹುದು. ಇತರ ಸಾಲಗಳಲ್ಲಿ ದಿವಾಣಿ ನ್ಯಾಯಾಲಯ. ಅಲ್ಲಿ ದಾವಾ ಹೂಡಲು, ನೀವು ಹಣ ಕಟ್ಟಿದ ದಿನದಿಂದ ಮೂರು ವರ್ಷ ಅವಧಿಯಿದೆ. ಮನೆಯಲ್ಲಿ ನಡೆಯುವ ಮದುವೆ ಮುಂಜಿಗಳಲ್ಲಿ ಅದೇ ಮೈದುನ ಎದುರಾದಾಗಲೆಲ್ಲ "ಬರುವ ತಿಂಗಳು ಖಂಡಿತ, ಭಾವ" ಎನ್ನುತ್ತಿರುವಾಗಲೂ ಆ ಮೂರು ವರ್ಷ ಓಡುತ್ತಲೇ ಇರುತ್ತದೆ. ಆ ಮಾತನ್ನು ಅವಧಿ ಮುಗಿಯುವ ಮೊದಲೇ, ತಾರೀಖು ಹಾಕಿ, ಅವನ ಕೈಯಿಂದ ಒಂದು ಕಾಗದದಲ್ಲಿ ಬರೆಸಿ ಸಹಿ ಮಾಡಿಸಿಕೊಂಡರೆ ಅಂದಿನಿಂದ ಹೊಸದಾಗಿ ಮೂರು ವರ್ಷ ದೊರೆಯುತ್ತದೆ.